ಹಳೆಯ ಕಾರಿನಲ್ಲಿ ಎಚ್ಚರಿಕೆಯ ದೀಪಗಳಷ್ಟೇ ಇವೆ. ಆಯಿಲ್ ಪ್ರೆಷರ್, ಟೆಂಪರೇಚರ್ ಮೀಟರ್‌ಗಳನ್ನು ನಾನೇ ಕೂರಿಸಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಕಾರು 1960ರ ದಶಕದ್ದು, ನಾಲ್ಕು ಸಿಲಿಂಡರಿನದು. ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್, ಪೆಟ್ರೋಲ್ ಮುಳ್ಳು, ಆಯಿಲ್‌ಗೊಂದು ಚಾರ್ಜಿಂಗ್‌ಗೊಂದು ದೀಪ ಬಿಟ್ಟರೆ ಬೇರೇನೂ ಇಲ್ಲ. ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ್ದೀರಿ. ಈಗ ಆಯಿಲ್ ಪ್ರೆಷರ್, ನೀರಿನ ಟೆಂಪರೇಚರ್ ಮತ್ತು ಆಂಪ್‌ಮೀಟರ್ ಸೇರಿಸಬೇಕು, ಆದರೆ ಡ್ಯಾಶ್‌ಬೋರ್ಡಿಗೆ ತೂತು ಕೊರೆಯುವ ಮನಸ್ಸಿಲ್ಲ.

ನೀವೇ ಕೂರಿಸಬಹುದು. ಆಂಪ್‌ಮೀಟರ್ ಮಾತ್ರ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ನನ್ನದು ಮಾರಿಸ್ ಮೈನರ್ 1000. ಇದೇ ಕೆಲಸವನ್ನು ಅದರಲ್ಲಿ ಎರಡು ಬಾರಿ ಮಾಡಿದ್ದೇನೆ. ಎರಡನೆಯ ಬಾರಿ ಏಕೆಂದರೆ, ಮೊದಲ ಬಾರಿ ಮಾಡಿದ್ದು ನನ್ನ ಕಾಲಿನ ಮೇಲೆಯೇ ಬಿಸಿ ಎಣ್ಣೆ ಸುರಿಸಿತು.

ಆಯಿಲ್ ಪ್ರೆಷರ್‌ನಿಂದ ಶುರು ಮಾಡೋಣ. ಒಂದೇ ಒಂದು ಮೀಟರ್ ಹಾಕುವುದಾದರೂ ಅದನ್ನೇ ಹಾಕಿ. ಹೆಚ್ಚಿನ ಹಳೆಯ ಕಾರುಗಳಲ್ಲಿ ಆಯಿಲ್ ದೀಪ ಹೊತ್ತುವುದು ಒತ್ತಡ ಐದಾರು ಪಿ.ಎಸ್.ಐ. (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಆಸುಪಾಸಿಗೆ ಕುಸಿದ ಮೇಲೆ. ನನ್ನ ಎಂಜಿನ್ ಬಿಸಿಯಾಗಿ ರಸ್ತೆಯಲ್ಲಿ ಓಡುವಾಗ ಇರಬೇಕಾದದ್ದು ಸುಮಾರು 60 ಪಿ.ಎಸ್.ಐ. ಅರವತ್ತರಿಂದ ಆರಕ್ಕೆ ಇಳಿಯುವವರೆಗೂ ದೀಪಕ್ಕೆ ಹೇಳಲು ಏನೂ ಇರುವುದಿಲ್ಲ, ಬೇರಿಂಗ್‌ಗಳು ಹಾಳಾಗುವುದು ಆ ನಡುವಿನಲ್ಲಿಯೇ. ಒಮ್ಮೆ ನಾನು ತಿರುವೊಂದನ್ನು ದಾಟುತ್ತಿದ್ದಾಗ ಮುಳ್ಳು ಕ್ಷಣಕಾಲ ಕೆಳಗೆ ಬಾಗಿ ಮತ್ತೆ ಎದ್ದಿತು. ಮುಂದಿನ ತಿರುವಿನಲ್ಲಿಯೂ ಹಾಗೆಯೇ ಆಯಿತು. ಕಾರು ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಫಿಲ್ಟರ್ ಬಟ್ಟಲಿನ ರಬ್ಬರ್ ಸೀಲ್ ಸರಿಯಾಗಿ ಕೂರದೆ ಹನಿ ಹನಿಯಾಗಿ ಸೋರಿಹೋಗಿತ್ತು; ತಿರುವಿನಲ್ಲಿ ಉಳಿದ ಎಣ್ಣೆ ಒಂದು ಬದಿಗೆ ವಾಲಿದಾಗ ಪಂಪು ಗಾಳಿ ಎಳೆಯುತ್ತಿತ್ತು. ದೀಪ ಒಮ್ಮೆಯೂ ಮಿನುಗಿರಲಿಲ್ಲ.

ಇದರಲ್ಲಿ ಎರಡು ಬಗೆ. ಮೆಕ್ಯಾನಿಕಲ್ ಮೀಟರಿನೊಳಗೆ ಬಾಗಿದ ಒಂದು ಚಪ್ಪಟೆ ಕೊಳವೆ ಇರುತ್ತದೆ. ಫ್ರಾನ್ಸಿನ ಯುಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಒಳಗೆ ಒತ್ತಡ ಏರಿದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಆ ಅಲುಗಾಟವೇ ಮುಳ್ಳನ್ನು ತಿರುಗಿಸುತ್ತದೆ. ವಿದ್ಯುತ್ತಿನ ಹಂಗಿಲ್ಲ, ಓದಿಕೆ ತಕ್ಷಣ ಸಿಗುತ್ತದೆ, ನಂಬಬಹುದು. ತೊಂದರೆ ಏನೆಂದರೆ ಎಂಜಿನ್ನಿನ ಎಣ್ಣೆಯನ್ನೇ ಸಣ್ಣ ಪೈಪಿನಲ್ಲಿ ನಿಮ್ಮ ಮೊಣಕಾಲಿನ ಮುಂದಕ್ಕೆ ತರಬೇಕು. ಮೀಟರಿನ ಜೊತೆ ಬಂದ ನೈಲಾನ್ ಪೈಪನ್ನೇ ನಾನು ಹಾಕಿದ್ದೆ. ಅದನ್ನು ಎಲ್ಲಿಯೂ ಬಿಗಿದು ಕಟ್ಟಿರಲಿಲ್ಲ. ಕೆಲವು ವಾರಗಳಲ್ಲಿ ಅದು ಜಾರಿ, ಬಲ್ಕ್‌ಹೆಡ್ಡಿನ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಯ) ತೂತಿನ ಅಂಚಿಗೆ ಉಜ್ಜಿ ಉಜ್ಜಿ ತೆಳ್ಳಗಾಗಿ ಒಡೆಯಿತು. ಆ ತೂತಿಗೆ ಅಂಚು ಮುಚ್ಚುವ ರಬ್ಬರ್ ಬಳೆ (ಗ್ರಾಮೆಟ್) ಹಾಕಿದ್ದರೆ ಇಷ್ಟು ಆಗುತ್ತಿರಲಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿ ಕರಗಿದ್ದರೆ ಬೆಂಕಿಯೇ ಹೊತ್ತಿಕೊಳ್ಳುತ್ತಿತ್ತು, ಆ ಲೆಕ್ಕದಲ್ಲಿ ನನ್ನದು ಅಗ್ಗದ ಪಾಠ.

ತಾಮ್ರದ ಪೈಪು ಕರಗುವುದಿಲ್ಲ, ಆದರೆ ನಡುಗಿ ನಡುಗಿ ಗಡಸಾಗಿ ಬಿರುಕು ಬಿಡುತ್ತದೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಓಲಾಡುತ್ತದೆ, ಬಾಡಿ ಅಲುಗುವುದಿಲ್ಲ. ಎರಡರ ನಡುವೆ ಸಿಕ್ಕ ಪೈಪಿನ ಪಾಡು ಹೇಳಬೇಕಿಲ್ಲ. ತಾಮ್ರವನ್ನೇ ಹಾಕುವುದಾದರೆ ನಡುವೆ ಎರಡು ಮೂರು ಸುರುಳಿ ಸುತ್ತಿಬಿಡಿ. ನಾನು ಈಗ ಎಂಜಿನ್ನಿನಿಂದ ಬಲ್ಕ್‌ಹೆಡ್ಡಿನವರೆಗೆ ಸ್ಟೀಲ್ ಹೆಣಿಗೆಯ ಬಾಗುವ ಹೋಸ್, ಅಲ್ಲಿಂದ ಒಳಗೆ ತಾಮ್ರ ಹಾಕಿದ್ದೇನೆ. ಎಣ್ಣೆ ಒಳಗೆ ಬರುವುದೇ ಬೇಡ ಎನಿಸಿದರೆ ಎಲೆಕ್ಟ್ರಿಕ್ ಬಗೆಯದನ್ನು ತೆಗೆದುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ.

ಎಲೆಕ್ಟ್ರಿಕ್ ಆದರೆ ಮೀಟರ್ ಮತ್ತು ಸೆಂಡರ್ (ಎಂಜಿನ್ನಿನ ಬದಿಯಲ್ಲಿ ಅಳೆದು ತಂತಿಯ ಮೂಲಕ ಮೀಟರಿಗೆ ತಿಳಿಸುವ ಭಾಗ) ಒಂದೇ ಜೋಡಿಯವು ಆಗಿರಲೇಬೇಕು. ಯುರೋಪಿನ ಬಹುಪಾಲು ಆಯಿಲ್ ಸೆಂಡರ್‌ಗಳು ಒತ್ತಡವಿಲ್ಲದಾಗ ಸುಮಾರು 10 ಓಮ್, ಪೂರ್ತಿ ಒತ್ತಡದಲ್ಲಿ 180 ಓಮ್ ತೋರಿಸುತ್ತವೆ. ಅಮೆರಿಕದ ರೂಢಿ ಇದಕ್ಕೆ ತದ್ವಿರುದ್ಧ: ಸೊನ್ನೆಯಲ್ಲಿ 240, ಪೂರ್ತಿಯಲ್ಲಿ 33. ಒಂದರ ಸೆಂಡರನ್ನು ಇನ್ನೊಂದರ ಮೀಟರಿಗೆ ಜೋಡಿಸಿದರೆ ಮುಳ್ಳು ಹಿಂದುಮುಂದಾಗಿ ಓಡುತ್ತದೆ. ಹಳೆಯ ಸಾಮಾನಿನ ಡಬ್ಬಿಯಿಂದ ಬಿಡಿಬಿಡಿಯಾಗಿ ಆರಿಸಿಕೊಳ್ಳಬೇಡಿ.

ಇನ್ನು ಥ್ರೆಡ್. ಇಲ್ಲಿ ಕೆಟ್ಟಷ್ಟು ಕೆಲಸ ಬೇರೆಲ್ಲಿಯೂ ಕೆಟ್ಟದ್ದನ್ನು ನಾನು ಕಂಡಿಲ್ಲ. ನಿಮ್ಮ ಬ್ಲಾಕಿನಲ್ಲಿ ಆಯಿಲ್ ದೀಪದ ಸ್ವಿಚ್ ಕೂತಿರುವ ತೂತು 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಇರಬಹುದು, 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಇರಬಹುದು, 10 ಮಿ.ಮೀ. ಮೆಟ್ರಿಕ್ಕೂ ಇರಬಹುದು. ಮೂರೂ ಕಣ್ಣಿಗೆ ಒಂದೇ. ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಬಿಎಸ್‌ಪಿಯಲ್ಲಿ 28. ಕೋನ ಒಂದರದು 60 ಡಿಗ್ರಿ, ಮತ್ತೊಂದರದು 55. ಹಾಗಾಗಿ ತಪ್ಪು ಜೋಡಿಯೂ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಸರಿಯಾಗಿ ಕೂತಿತು" ಎಂದುಕೊಂಡು ಸ್ಪ್ಯಾನರಿಗೆ ಬಲ ಹಾಕಿದರೆ ಬ್ಲಾಕಿನ ಥ್ರೆಡ್ ಹೋಯಿತು. ಥ್ರೆಡ್ ಗೇಜ್ ಇಟ್ಟು ಅಳೆಯದೆ ಏನನ್ನೂ ಕೊಳ್ಳಬೇಡಿ. ಬೆರಳಿನಲ್ಲಿಯೇ ನಾಲ್ಕೈದು ಸುತ್ತು ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಹಳೆಯ ದೀಪವನ್ನು ದಯವಿಟ್ಟು ತೆಗೆಯಬೇಡಿ. ಮುಳ್ಳನ್ನು ನಾವು ಆಗೀಗ ನೋಡುತ್ತೇವೆ, ದೀಪ ತಾನಾಗಿ ನಮ್ಮನ್ನು ಕರೆಯುತ್ತದೆ. ಹಿತ್ತಾಳೆಯ ಟೀ (T ಆಕಾರದ ಕವಲು ಜೋಡಣೆ) ಹಾಕಿ ಎರಡನ್ನೂ ಉಳಿಸಿಕೊಳ್ಳಬಹುದು. ಆದರೆ ಡಬ್ಬಿಯಷ್ಟು ದಪ್ಪದ ಎಲೆಕ್ಟ್ರಿಕ್ ಸೆಂಡರನ್ನು ನೇರವಾಗಿ ಟೀಗೆ ತೂಗುಹಾಕಿದರೆ ಎಂಜಿನ್ನಿನ ನಡುಕಕ್ಕೆ ಹಿತ್ತಾಳೆಯ ಕತ್ತು ಮುರಿಯುತ್ತದೆ. ಸೆಂಡರನ್ನು ಬಾಡಿಗೆ ಕ್ಲಾಂಪ್ ಮಾಡಿ, ಅಲ್ಲಿಂದ ಟೀಗೆ ಹೋಸ್ ಕೊಡಿ. ಹಾಗೆ ದೂರ ಇಟ್ಟಾಗ ಸೆಂಡರಿನ ಮೈಗೆ ಎಂಜಿನ್ನಿನ ಅರ್ಥಿಂಗ್ ತಪ್ಪಿಹೋಗುತ್ತದೆ, ಅದಕ್ಕೆ ಬೇರೆ ಅರ್ಥ್ ತಂತಿ ಬೇಕು. ಬ್ಲಾಕಿಗೇ ಹಾಕಿದ ಸೆಂಡರಿಗೂ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ, ಅರ್ಥಿಂಗ್ ಹಾದುಹೋಗುವುದು ಆ ಥ್ರೆಡ್ಡಿನ ಮೂಲಕವೇ.

ಟೆಂಪರೇಚರ್ ಮೀಟರ್ ಕೂರಿಸುವುದು ಇದಕ್ಕಿಂತ ಸುಲಭ, ಓದುವುದು ಕಷ್ಟ. ಮೆಕ್ಯಾನಿಕಲ್ ಆದರೆ ಬಿಸಿ ಗ್ರಹಿಸುವ ಬಲ್ಬು, ಕೂದಲೆಳೆಯ ಕೊಳವೆ, ಮೀಟರ್ ಮೂರೂ ಸೇರಿ ಒಂದೇ ಸೀಲಾದ ಘಟಕ. ಕೊಳವೆ ಉದ್ದವಾಯಿತೆಂದು ಕತ್ತರಿಸುವಂತಿಲ್ಲ, ಮಡಚುವಂತಿಲ್ಲ. ಹೆಚ್ಚಾದದ್ದನ್ನು ದೊಡ್ಡ ಸುರುಳಿಯಾಗಿ ಸುತ್ತಿಡಬೇಕು. ಸೆಂಡರಿನ ಜಾಗ ಥರ್ಮೋಸ್ಟಾಟಿನ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ಕವಾಟದ) ಎಂಜಿನ್ ಬದಿಯಲ್ಲಿ, ಸಿಲಿಂಡರ್ ಹೆಡ್ಡಿನ ನೀರಿನಲ್ಲಿ ಇರಬೇಕು. ಅಲ್ಲಿ ಪ್ಲಗ್ ಹಾಕಿ ಮುಚ್ಚಿದ ತೂತಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಮೇಲಿನ ರೇಡಿಯೇಟರ್ ಹೋಸನ್ನು ಕತ್ತರಿಸಿ ನಡುವೆ ಹಾಕುವ ಲೋಹದ ಅಡಾಪ್ಟರ್ ಸಿಗುತ್ತದೆ. ಅದು ಥರ್ಮೋಸ್ಟಾಟಿನ ಹೊರಬದಿ. ಥರ್ಮೋಸ್ಟಾಟ್ ತೆರೆಯುವವರೆಗೂ ಮುಳ್ಳು ಏಳುವುದಿಲ್ಲ, ಮುಚ್ಚಿಯೇ ಸಿಕ್ಕಿಕೊಂಡರೆ ಎಂಜಿನ್ ಬೇಯುತ್ತಿದ್ದರೂ ಏಳುವುದಿಲ್ಲ. ಹೋಸಿನ ಅಡಾಪ್ಟರಿಗೂ ಅರ್ಥ್ ತಂತಿ ಮರೆಯಬೇಡಿ.

ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸೆಂಡರ್ ಅಳೆಯುವುದು ತನ್ನನ್ನು ಮುಟ್ಟಿರುವ ನೀರಿನ ಬಿಸಿಯನ್ನು. ಹೋಸ್ ಒಡೆದು ನೀರೆಲ್ಲ ಖಾಲಿಯಾದರೆ ಸೆಂಡರ್ ಬರೀ ಆವಿಯಲ್ಲಿ, ಗಾಳಿಯಲ್ಲಿ ನಿಲ್ಲುತ್ತದೆ. ಮುಳ್ಳು ಏರುವ ಬದಲು ಇಳಿಯಲೂಬಹುದು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ಸರ್ರನೆ ಇಳಿದರೆ ಸಮಾಧಾನಪಡದೆ ಎಂಜಿನ್ ಆಫ್ ಮಾಡಿ.

ಕೂರಿಸುವ ಮೊದಲು ಎಲೆಕ್ಟ್ರಿಕ್ ಸೆಂಡರನ್ನು ಪರೀಕ್ಷಿಸಬಹುದು. ತಂತಿಗಳನ್ನು ತಾತ್ಕಾಲಿಕವಾಗಿ ಜೋಡಿಸಿ, ಸೆಂಡರಿನ ಲೋಹದ ಮೈಗೆ ಅರ್ಥ್ ಕೊಟ್ಟು, ತುದಿಯನ್ನು ಕುದಿಯುವ ನೀರಿಗೆ ಇಳಿಬಿಡಿ. ಮುಳ್ಳು 100 ಡಿಗ್ರಿಯ ಹತ್ತಿರ ನಿಲ್ಲಬೇಕು. ಎತ್ತರದ ಪ್ರದೇಶದಲ್ಲಿ ನೀರು ಅದಕ್ಕಿಂತ ಕಡಿಮೆಗೇ ಕುದಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಂಪ್‌ಮೀಟರ್ ಏಕೆ ಬೇಡ? ಕಾರಿನ ವಿದ್ಯುತ್ತೆಲ್ಲ ಅದರ ಮೂಲಕವೇ ಹಾದುಹೋಗಬೇಕು, ಸ್ಟಾರ್ಟರಿನದೊಂದನ್ನು ಬಿಟ್ಟು. ಡೈನಮೋ ಕಾಲದ ಇಪ್ಪತ್ತು ಚಿಲ್ಲರೆ ಆಂಪಿಯರ್‌ಗೆ 30ರವರೆಗಿನ ಮೀಟರ್ ಸಾಕಾಗುತ್ತಿತ್ತು. ನಿಮ್ಮ ಆಲ್ಟರ್ನೇಟರ್ 40ಕ್ಕೂ ಮೀರಿ ಕೊಡಬಲ್ಲದು. ಅಷ್ಟು ಕರೆಂಟ್ ಹೊತ್ತ ದಪ್ಪ ತಂತಿ, ಸಾಮಾನ್ಯವಾಗಿ ಫ್ಯೂಸ್ ಕೂಡ ಇಲ್ಲದೆ, ಡ್ಯಾಶ್‌ಬೋರ್ಡಿನ ಹಿಂದೆ ಬರುತ್ತದೆ. ಅದರ ಒಂದು ನಟ್ ಸಡಿಲವಾದರೂ ಬಿಸಿಯೇರುತ್ತದೆ. ಅದರ ಬದಲು ವೋಲ್ಟ್‌ಮೀಟರ್ ಹಾಕಿ, ಅದಕ್ಕೆ ಎರಡು ಸಣ್ಣ ತಂತಿ ಸಾಕು. ಇಗ್ನಿಷನ್ ಹಾಕಿದಾಗ ಮಾತ್ರ ಜೀವ ಬರುವ ಸರ್ಕೀಟಿನಿಂದ ಸಣ್ಣ ಫ್ಯೂಸಿನ ಮೂಲಕ ತೆಗೆದುಕೊಳ್ಳಿ. ಚಾರ್ಜಾದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6, ಓಡುವಾಗ 13.8ರಿಂದ 14.4 ತೋರಿಸುತ್ತದೆ. ಓಡುವಾಗಲೂ 13ರ ಕೆಳಗೇ ಉಳಿದರೆ ಬೆಲ್ಟನ್ನೂ ಆಲ್ಟರ್ನೇಟರನ್ನೂ ನೋಡಿ. ಪೆಟ್ರೋಲ್ ಮುಳ್ಳಿಗೆ ಹೋಗುವ ತಂತಿಯಿಂದ ಮಾತ್ರ ಕರೆಂಟ್ ಕದಿಯಬೇಡಿ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಅದಕ್ಕೆ ಹತ್ತು ವೋಲ್ಟ್ ಕೊಡುವ ಸ್ಟೆಬಿಲೈಸರ್ ಇರುತ್ತದೆ. ಅಲ್ಲಿಂದ ಕರೆಂಟ್ ತೆಗೆದರೆ ಹೊಸ ಮೀಟರ್‌ಗಳು ಬಾಯಿಗೆ ಬಂದದ್ದನ್ನು ಹೇಳುತ್ತವೆ.

ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ಎಂದೂ ನೋಡಿಕೊಳ್ಳಿ. ನನ್ನ ಮೈನರ್ ಕಾರ್ಖಾನೆಯಿಂದ ಬಂದದ್ದೇ ಪಾಸಿಟಿವ್ ಅರ್ಥ್ ಆಗಿ. ನಿಮ್ಮದು ಹಾಗಿದ್ದರೂ ಆಲ್ಟರ್ನೇಟರ್ ಹಾಕುವಾಗ ನೆಗೆಟಿವ್‌ಗೆ ಬದಲಾಯಿಸಿರುವ ಸಾಧ್ಯತೆಯೇ ಹೆಚ್ಚು, ಆದರೂ ಕಣ್ಣಾರೆ ನೋಡಿ. ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಹೊಸ ಮೀಟರನ್ನು ತಿರುಗುಮುರುಗು ಜೋಡಿಸಿದರೆ ಅದು ಉಳಿಯುವುದಿಲ್ಲ.

ತೂತು ಕೊರೆಯದಿರುವ ನಿರ್ಧಾರ ಸರಿಯಾಗಿದೆ. 52 ಮಿ.ಮೀ. ಮೀಟರ್‌ಗಳಿಗೆ ಮೂರು ಕಣ್ಣಿನ ತಗಡಿನ ಬ್ರಾಕೆಟ್ ಸುಲಭವಾಗಿ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಅಂಚಿನಲ್ಲಿ ಈಗಾಗಲೇ ಇರುವ ಸ್ಕ್ರೂಗಳಿಗೇ ಅದನ್ನು ಕಟ್ಟಿ. ಮೀಟರ್‌ಗಳನ್ನು ಬಿಗಿಯುವ ಮುನ್ನ ಒಂದು ವಾರ ಹಾಗೇ ಓಡಿಸಿ, ಎಂಜಿನ್ ಬಿಸಿಯಾಗಿ ನೆಮ್ಮದಿಯಿಂದ ಓಡುವಾಗ ಮುಳ್ಳು ನಿಲ್ಲುವ ಜಾಗ ಗುರುತಿಸಿ, ಆ ಜಾಗ ನೇರ ಮೇಲಕ್ಕೆ ಬರುವಂತೆ ಪ್ರತಿ ಮೀಟರನ್ನೂ ತಿರುಗಿಸಿ. ಅಕ್ಷರಗಳು ಓರೆಯಾಗಿ ಕಾಣುತ್ತವೆ, ಕಾಣಲಿ. ರೇಸ್ ಕಾರುಗಳವರು ಹೀಗೆಯೇ ಮಾಡುತ್ತಾರೆ. ಅಂಕಿ ಓದುವ ಅಗತ್ಯವೇ ಇರುವುದಿಲ್ಲ, ಒಂದು ಮುಳ್ಳು ವಾಲಿದರೂ ಓರೆಗಣ್ಣಿಗೆ ಬೀಳುತ್ತದೆ.

ಮೊದಲ ತಿಂಗಳು ನಿಮಗೆ ನಿದ್ದೆ ಕೆಡುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಒತ್ತಡ ಎತ್ತರದಲ್ಲಿರುತ್ತದೆ. ದೂರ ಓಡಿ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ನನ್ನದು 15–20 ಪಿ.ಎಸ್.ಐ.ಗೆ ಇಳಿಯುತ್ತದೆ. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ಪಂಪು ನಿಧಾನವಾಗಿ ತಿರುಗುತ್ತದೆ, ಅಷ್ಟೇ ಕಾರಣ. ಆಕ್ಸಿಲರೇಟರ್ ಒತ್ತಿದೊಡನೆ ಏರಿದರೆ ಭಯವಿಲ್ಲ. ನಿಮ್ಮ ಎಂಜಿನ್ನಿಗೆ ಎಷ್ಟಿರಬೇಕು ಎಂಬುದು ಅದರ ಮ್ಯಾನುಯಲ್‌ನಲ್ಲಿದೆ, ನನ್ನ ಅಂಕಿಗೆ ಹೋಲಿಸಬೇಡಿ. ತಣ್ಣಗಿದ್ದಾಗ, ಬಿಸಿಯಾಗಿ ನಿಂತಾಗ, ಬಿಸಿಯಾಗಿ ಓಡುವಾಗ ಎಷ್ಟೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಯೇ ಇಟ್ಟುಕೊಳ್ಳಿ.

ಸದ್ಯಕ್ಕೆ ಆಯಿಲ್ ಸ್ವಿಚ್ ಬಿಚ್ಚಿ ಆ ತೂತಿನ ಥ್ರೆಡ್ ಅಳೆಯಿರಿ. ಎಷ್ಟು ಬಂತೆಂದು ಇಲ್ಲಿಯೇ ಕೆಳಗೆ ಬರೆದರೆ ಯಾವ ಟೀ, ಯಾವ ಅಡಾಪ್ಟರ್ ಎಂದು ಹೇಳುತ್ತೇನೆ.