ನಿಮ್ಮ ಲೇಖನದ ಏಳನೆಯ ಪುಟ

ಆತ್ಮೀಯರೇ,

ಬಡ ದೇಶಗಳಿಗೆ ನೆರವು ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳು ತಂತಮ್ಮಲ್ಲಿ ಮಾತಾಡಿಕೊಂಡು, ಒಟ್ಟಾಗಿ ಯೋಜನೆ ಹಾಕಬೇಕು ಎಂದು ವಾದಿಸುವ ನಿಮ್ಮ ಹನ್ನೆರಡು ಪುಟಗಳ ಲೇಖನ ಕೈಸೇರಿತು. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಗೆ ತೆಗೆದುಕೊಳ್ಳಲಾರೆ. ಒಂದು ಸಾಲಿನ ವಿಷಾದಪತ್ರ ಹಾಕಿ ಸುಮ್ಮನಾಗಬಹುದಿತ್ತು, ಆದರೆ ನಿಮ್ಮ ಏಳನೆಯ ಪುಟ ಬಿಡಲಿಲ್ಲ. ಮುಂಬಯಿಯ ಕನ್ನಡ ಪತ್ರಿಕೆಗಳಿಗೆ ಊರಿನ ನೆನಪು, ಯಕ್ಷಗಾನದ ವರದಿ, ಸಂಘದ ವಾರ್ಷಿಕೋತ್ಸವದ ಭಾಷಣ ಧಾರಾಳವಾಗಿ ಬರುತ್ತವೆ. ಗೋವಂಡಿಯ ಸೇವಾಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವರು ತಮ್ಮ ಮೇಜಿನ ಸಂಕಟವನ್ನು ಕನ್ನಡದಲ್ಲಿ ಬರೆದು ಕಳಿಸುವುದು ಅಪರೂಪ. ಆದ್ದರಿಂದ ಈ ಉದ್ದದ ಕಾಗದ. ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲ ಆರು ಪುಟಗಳಲ್ಲಿ ನೀವೇ ಇಲ್ಲ. ರೋಮ್ 2003, ಪ್ಯಾರಿಸ್ 2005, ಅಕ್ರಾ 2008, ಬುಸಾನ್ 2011 ಎಂದು, ನೆರವಿನ ಬಗ್ಗೆ ದೇಶಗಳು ಸಭೆ ಸೇರಿ ಹೊರಡಿಸಿದ ಘೋಷಣೆಗಳ ಮೆರವಣಿಗೆ ಇದೆ. ಪ್ರತಿ ಊರಿನಲ್ಲಿ ಏನು ಮಾತು ಕೊಟ್ಟರು ಎಂದು ಬರೆದಿದ್ದೀರಿ, ಆ ಮಾತು ಏನಾಯಿತು ಎಂದು ಬರೆದಿಲ್ಲ. ಪ್ಯಾರಿಸ್ ಘೋಷಣೆಯನ್ನು ವಿಶ್ವಸಂಸ್ಥೆ ಹೊರಡಿಸಿತು ಎಂದಿದ್ದೀರಿ, ಅದು ತಪ್ಪು. ಅದರ ಹಿಂದೆ ನಿಂತದ್ದು ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿ. ನೆರವು ಪಡೆಯುವ ದೇಶವೇ ತನ್ನ ಯೋಜನೆ ಮಾಡಲಿ, ಕೊಡುವವರು ಅದರ ಹಿಂದೆ ಸಾಲಾಗಿ ನಿಲ್ಲಲಿ, ಆ ದೇಶದ್ದೇ ಬಜೆಟ್ಟು, ಆ ದೇಶದ್ದೇ ಲೆಕ್ಕತಪಾಸಣೆ ಬಳಸಲಿ ಎಂಬುದು ಅದರ ತಿರುಳು. 2010ಕ್ಕೆ ಮುಟ್ಟಬೇಕಾದ 13 ಗುರಿಗಳನ್ನು ಇಟ್ಟುಕೊಂಡಿದ್ದರು. ಗಡುವು ಮುಗಿದ ಮೇಲೆ ಒಇಸಿಡಿಯೇ ಲೆಕ್ಕ ಹಾಕಿ ನೋಡಿದಾಗ ಜಗತ್ತಿನ ಮಟ್ಟದಲ್ಲಿ ಈಡೇರಿದ್ದು ಒಂದೇ ಒಂದು: ತಾಂತ್ರಿಕ ಸಹಕಾರವನ್ನು ಹೊಂದಿಸಿಕೊಂಡು ಕೊಡುವುದು. ಹದಿಮೂರರಲ್ಲಿ ಒಂದು! ಇಷ್ಟು ಓದಿದ ಯಾರೇ ಆಗಲಿ 'ಅದ್ಯಾಕೆ ಹಾಗೆ?' ಎಂದು ಕೇಳುತ್ತಾರೆ. ಲೇಖನ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ. ನೀವು ಅಲ್ಲಿಗೆ ತಲುಪುವ ಮೊದಲೇ ಅಕ್ರಾಕ್ಕೆ ಹಾರಿಬಿಟ್ಟಿದ್ದೀರಿ.

ಇನ್ನು ವಾಕ್ಯಗಳ ಮಾತು. 'ವಿವಿಧ ದಾನಿ ಸಂಸ್ಥೆಗಳ ನಡುವೆ ಪರಿಣಾಮಕಾರಿ ಸಮನ್ವಯವನ್ನು ಸಾಧಿಸಬೇಕಾದ ಅಗತ್ಯವನ್ನು ಮನಗಾಣಲಾಗಿದೆ.' ಯಾರು ಮನಗಂಡರು? ಸಾಧಿಸಬೇಕಾದವರು ಯಾರು? ಸಾಧಿಸದೆ ಹೋದರೆ ಯಾರ ಗಂಟು ಹೋಗುತ್ತದೆ? ಪುಟಪುಟದಲ್ಲೂ ಇಂಥ ವಾಕ್ಯಗಳಿವೆ. ಎಲ್ಲವೂ ಆಗುತ್ತದೆ, ಮಾಡುವವರು ಮಾತ್ರ ಯಾರೂ ಇಲ್ಲ. ನಿಮ್ಮ ಕಚೇರಿಗೆ ಬರುವ ವರದಿಗಳ ಭಾಷೆ ಹೀಗೇ ಇರುತ್ತದೆ, ಅದು ನಿಮ್ಮ ಕೈಗೂ ಹತ್ತಿದೆ. ವರದಿ ಬರೆಯುವವರಿಗೆ ಅದರಿಂದ ಅನುಕೂಲವಿದೆ, ಕೊನೆಗೆ ಯಾರನ್ನೂ ಕೇಳುವ ಹಾಗಿರುವುದಿಲ್ಲ. ಈ ವಿಷಯದಲ್ಲಂತೂ ನಿರ್ಧಾರ ಯಾರ ಕೈಯಲ್ಲಿದೆ ಎಂಬುದೇ ಇಡೀ ಜಗಳ. ಕರ್ತೃವನ್ನು ಕಿತ್ತುಹಾಕಿದರೆ ಜಗಳವನ್ನೇ ಕಿತ್ತುಹಾಕಿದ ಹಾಗೆ. 'ಮದುವೆಮನೆಗೆ ಹತ್ತು ಮಂದಿ ಅಡುಗೆಯವರು ಬಂದ ಹಾಗೆ' ಎಂಬ ಹೋಲಿಕೆ ಮೂರು ಕಡೆ ಬಂದಿದೆ, ಮೂರನ್ನೂ ಹೊಡೆದುಹಾಕಿದ್ದೇನೆ.

ಈಗ ಏಳನೆಯ ಪುಟಕ್ಕೆ ಬರೋಣ. ಅಲ್ಲಿ ಇದ್ದಕ್ಕಿದ್ದಂತೆ ನೀವು ಹೀಗೆ ಬರೆದಿದ್ದೀರಿ: 'ಬೈಂಗನವಾಡಿಯ ಒಂದೇ ಮಗುವಿನ ತೂಕವನ್ನು ನಾನು ಮೂರು ಕಡೆ ತುಂಬುತ್ತೇನೆ. ಒಬ್ಬ ದಾನಿಗೆ ವರ್ಷ ಜನವರಿಯಿಂದ ಶುರು, ಇನ್ನೊಬ್ಬರಿಗೆ ಏಪ್ರಿಲ್‌ನಿಂದ, ಮೂರನೆಯವರಿಗೆ ಅಕ್ಟೋಬರ್‌ನಿಂದ. ಒಬ್ಬರಿಗೆ ಐದು ವರ್ಷದೊಳಗಿನ ಮಕ್ಕಳ ಲೆಕ್ಕ ಬೇಕು, ಇನ್ನೊಬ್ಬರಿಗೆ ಆರರ ತನಕ. ಐದು ತುಂಬಿದ ಮಗು ಒಂದು ವರದಿಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಕಾಣೆಯಾಗುತ್ತದೆ.' ಆಮೇಲೆ ಪ್ಯಾರಾ ಮುರಿದು ಮತ್ತೆ ಬುಸಾನಿಗೆ ಹೋಗಿದ್ದೀರಿ. ಯಾಕೆ ಹೋದಿರಿ? ಆ ನಾಲ್ಕು ವಾಕ್ಯಗಳಲ್ಲಿ ಇರುವಷ್ಟು ವಿಷಯ ಉಳಿದ ಹನ್ನೊಂದು ಪುಟಗಳಲ್ಲಿ ಇಲ್ಲ.

ಅಲ್ಲೇ ಕೂತು ಮುಂದುವರಿಸಿ. ಅದೇ ಮಗುವನ್ನು ಅಂಗನವಾಡಿ ಸೇವಿಕೆಯೂ ತೂಗುತ್ತಾಳೆ. 2021ರಿಂದ ಆ ಅಂಕಿಯನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಹಾಕುತ್ತಾಳೆ. ಅಂದರೆ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ, ಆರು ವರ್ಷದ ತನಕದ ಮಕ್ಕಳು ಅದರಲ್ಲಿದ್ದಾರೆ. ನಿಮ್ಮ ಮೂವರು ದಾನಿಗಳಲ್ಲಿ ಆ ಅಂಕಿಯನ್ನು ಒಪ್ಪುವವರು ಎಷ್ಟು ಮಂದಿ? ಒಪ್ಪದಿದ್ದರೆ ಏನು ಕಾರಣ ಕೊಡುತ್ತಾರೆ? ತೂಕದ ಯಂತ್ರ ಕೆಟ್ಟಿದೆ ಎನ್ನುತ್ತಾರೆಯೇ, ಸೇವಿಕೆಯ ಮೇಲೆ ನಂಬಿಕೆಯಿಲ್ಲ ಎನ್ನುತ್ತಾರೆಯೇ, ಅಥವಾ ತಮ್ಮ ಹಣದಿಂದ ಏರಿದ ತೂಕ ಎಷ್ಟು ಗ್ರಾಂ ಎಂದು ತಮ್ಮ ದೇಶದ ಸಂಸತ್ತಿಗೆ ಬೇರೆಯಾಗಿ ತೋರಿಸಬೇಕು ಎನ್ನುತ್ತಾರೆಯೇ? ಪ್ಯಾರಿಸ್ಸಿನ ಹದಿಮೂರರಲ್ಲಿ ಹನ್ನೆರಡು ಯಾಕೆ ಮುಗ್ಗರಿಸಿದವು ಎಂಬುದಕ್ಕೆ ಉತ್ತರ ನಿಮ್ಮ ಡ್ರಾಯರಿನಲ್ಲೇ ಸಿಗಬಹುದು. ಸೇವಿಕೆಯನ್ನೂ ಮಾತಾಡಿಸಿ. ಲೇಖನದಲ್ಲಿ ಅವಳ ಒಂದು ಮಾತೂ ಇಲ್ಲ.

ವಿಯೆಟ್ನಾಂ ಉದಾಹರಣೆಯನ್ನೂ ಇದರ ಪಕ್ಕದಲ್ಲಿಟ್ಟರೆ ಕಳೆ ಬರುತ್ತದೆ. 2005ರ ಒಂದೇ ವರ್ಷದಲ್ಲಿ ಆ ದೇಶಕ್ಕೆ ಸುಮಾರು 800 ದಾನಿ ನಿಯೋಗಗಳು ಬಂದವು. ರಜಾದಿನ ಸೇರಿಸಿಯೂ ದಿನಕ್ಕೆ ಎರಡಕ್ಕಿಂತ ಹೆಚ್ಚು. ಅವರನ್ನೆಲ್ಲ ಕೂರಿಸಿ, ಚಹಾ ಕೊಟ್ಟು, ಒಂದೇ ಅಂಕಿಸಂಖ್ಯೆಯನ್ನು ಬೇರೆ ಬೇರೆ ನಮೂನೆಯಲ್ಲಿ ಒಪ್ಪಿಸುವ ಅಧಿಕಾರಿಗೂ ನಿಮಗೂ ಏನು ವ್ಯತ್ಯಾಸ? ತಾಂಜಾನಿಯಾ ಸರ್ಕಾರ ಇದಕ್ಕೊಂದು ಉಪಾಯ ಹೂಡಿತು. ಬಜೆಟ್ ಕೆಲಸದ ತಿಂಗಳುಗಳಲ್ಲಿ ದಯವಿಟ್ಟು ಯಾರೂ ನಿಯೋಗ ಕಳಿಸಬೇಡಿ, ನಮ್ಮ ಮಂತ್ರಾಲಯದವರಿಗೆ ಕೆಲಸವಿದೆ ಎಂದಿತು. ನಿಮ್ಮ ಲೇಖನದಲ್ಲಿ ಇದು ಅಡಿಟಿಪ್ಪಣಿ. ನನ್ನ ಮಟ್ಟಿಗೆ ನಾಲ್ಕು ಘೋಷಣೆಗಳಿಗಿಂತ ಇದು ದೊಡ್ಡದು, ಪಡೆಯುವವನು ಬಾಗಿಲು ಮುಚ್ಚಿ 'ಆಮೇಲೆ ಬನ್ನಿ' ಎಂದ ಪ್ರಸಂಗ. ಮೇಲಕ್ಕೆ ತನ್ನಿ.

ನನ್ನ ದೊಡ್ಡ ತಕರಾರು ಬೇರೆಯದು. ಕೊಡುವವರು ಒಂದಾದರೆ ಪಡೆಯುವವರಿಗೆ ಒಳ್ಳೆಯದು ಎಂದು ನೀವು ಹಿಡಿದುಕೊಂಡಿದ್ದೀರಿ, ಆ ಮಾತನ್ನು ಒಮ್ಮೆಯೂ ಅಲುಗಾಡಿಸಿ ನೋಡಿಲ್ಲ. ನಮ್ಮದೇ ಚರಿತ್ರೆ ತೆಗೆದು ನೋಡಿ. 1958ರಲ್ಲಿ ನಮ್ಮ ವಿದೇಶಿ ವಿನಿಮಯ ಬರಿದಾಗುತ್ತಿದ್ದಾಗ ವಿಶ್ವ ಬ್ಯಾಂಕು ಅಮೆರಿಕ, ಬ್ರಿಟನ್, ಪಶ್ಚಿಮ ಜರ್ಮನಿ, ಜಪಾನ್, ಕೆನಡಾಗಳನ್ನು ವಾಷಿಂಗ್ಟನ್ನಿನಲ್ಲಿ ಒಂದು ಮೇಜಿನ ಸುತ್ತ ಕೂರಿಸಿತು. ಅದೇ ಭಾರತ ನೆರವು ಒಕ್ಕೂಟ. ನೀವು ಕೇಳುವ ಸಮನ್ವಯ ಅಲ್ಲಿತ್ತು. ಪಂಚವಾರ್ಷಿಕ ಯೋಜನೆಗಳಿಗೆ ಅದರಿಂದ ಹಣ ಬಂತು, ಅದನ್ನು ಅಲ್ಲಗಳೆಯಲಾಗದು. ಆದರೆ 1965ರ ಯುದ್ಧ, ಅದರ ಬೆನ್ನಿಗೇ ಬರ, ನಿಂತುಹೋದ ನೆರವು ಎಲ್ಲ ಕೂಡಿ ದೇಶ ಹಿಂಡಿಹೋಗಿದ್ದಾಗ, ಅದೇ ಮೇಜಿನ ಸುತ್ತ ಕೂತವರ ಒತ್ತಾಯವೂ ಒಂದೇ ಆಯಿತು: ರೂಪಾಯಿ ಇಳಿಸಿ. 1966ರ ಜೂನ್ 6ರಂದು ಡಾಲರಿನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತು. ಅಪಮೌಲ್ಯ ಹೇಗೂ ಬೇಕಿತ್ತು ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ, ಆ ವಾದ ಇರಲಿ. ಸಾಲ ಕೊಡುವವರೆಲ್ಲರೂ ಒಂದೇ ಬಾಯಲ್ಲಿ ಮಾತಾಡಿದಾಗ ಸಾಲ ಕೇಳುವವನಿಗೆ ಇನ್ನೊಂದು ಮನೆಯ ಬಾಗಿಲು ತಟ್ಟುವ ಅವಕಾಶ ಇರುವುದಿಲ್ಲ. ಇದನ್ನು ಬರೆಯದ ಸಮನ್ವಯದ ಲೇಖನ ಅರ್ಧ ಲೇಖನ.

2003ರಲ್ಲಿ ಆಟ ತಿರುಗಿತು. ಆಗಿನ ಹಣಕಾಸು ಮಂತ್ರಿ ಜಸ್ವಂತ್ ಸಿಂಗ್ ಅವರ ಬಜೆಟ್ಟಿನ ನಂತರ ಭಾರತ ಸರ್ಕಾರ ಬೆರಳೆಣಿಕೆಯ ದೊಡ್ಡ ದಾನಿಗಳನ್ನು ಉಳಿಸಿಕೊಂಡು ಸಣ್ಣ ದಾನಿ ದೇಶಗಳಿಗೆ ನಮಸ್ಕಾರ ಹೇಳಿತು. ಕೊಡಲೇಬೇಕೆಂದಿದ್ದರೆ ಸ್ವಯಂಸೇವಾ ಸಂಸ್ಥೆಗಳಿಗೋ ಬಹುರಾಷ್ಟ್ರ ಸಂಸ್ಥೆಗಳಿಗೋ ಕೊಡಿ ಎಂದಿತು. ಮರುವರ್ಷ ಸ್ವಲ್ಪ ಸಡಿಲಿಸಿದರು. ನೆರವನ್ನು ಹೊಂದಿಸುವ ಒರಟು ವಿಧಾನ ಇದು, ಆದರೆ ಪಡೆಯುವವನೇ ಮಾಡಿದ್ದು. ಈಗಂತೂ ನಾವೂ ಕೊಡುವವರು. 2012ರಿಂದ ವಿದೇಶಾಂಗ ಮಂತ್ರಾಲಯದಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗವಿದೆ. ಕಠ್ಮಂಡುವಿನಲ್ಲಿ ಇತರ ದಾನಿಗಳ ಜೊತೆ ನಮ್ಮವರು ಒಂದೇ ಮೇಜಿಗೆ ಕೂರುತ್ತಾರೋ, ಬೇರೆ ಕೋಣೆ ಹಿಡಿಯುತ್ತಾರೋ? ಭಾರತವನ್ನು ಬರೀ ಕೈಚಾಚಿದ ದೇಶವಾಗಿ ತೋರಿಸಿದ ನಿಮ್ಮ ಒಂಬತ್ತನೆಯ ಪುಟ ಈ ಪ್ರಶ್ನೆ ಎತ್ತಿದರೆ ಸಾಕು, ತಾನೇ ಸರಿಹೋಗುತ್ತದೆ.

ಕೆಲಸ ಹಂಚಿಕೊಳ್ಳುವ ಬಗ್ಗೆ ಬರೆದಿರುವಲ್ಲೂ ಒಂದು ಬಿರುಕಿದೆ. ಒಬ್ಬರು ಶಿಕ್ಷಣ, ಒಬ್ಬರು ಆರೋಗ್ಯ, ಒಬ್ಬರು ನೀರು ನೋಡಿಕೊಂಡರೆ ವ್ಯರ್ಥವಾಗುವುದಿಲ್ಲ ಎಂದು ಐರೋಪ್ಯ ಒಕ್ಕೂಟದ 2007ರ ನಿಯಮವನ್ನು ಹೊಗಳಿದ್ದೀರಿ; ಒಂದು ದೇಶದಲ್ಲಿ ಒಬ್ಬ ದಾನಿ ಮೂರಕ್ಕಿಂತ ಹೆಚ್ಚು ಕ್ಷೇತ್ರಕ್ಕೆ ಕೈಹಾಕಬಾರದು ಎಂಬುದು ಅದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ಕ್ಕೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯ ಬಾಗಿಲೇ ಮುಚ್ಚಿತು. ಆರೋಗ್ಯವನ್ನೆಲ್ಲ ಆ ಒಬ್ಬರಿಗೆ ವಹಿಸಿ ಉಳಿದವರು ಹಿಂದೆ ಸರಿದಿದ್ದ ಜಾಗದಲ್ಲಿ ಔಷಧಿ ಯಾರು ಕೊಡುತ್ತಾರೆ? ಒಂದೇ ಕೆಲಸಕ್ಕೆ ಇಬ್ಬರು ಕೈಹಾಕುವುದು ಕೆಲವೊಮ್ಮೆ ದಂಡವಲ್ಲ, ವಿಮೆ. 'ನೆರವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ' ಎಂಬ ನಿಮ್ಮ ಕೊನೆಯ ಪುಟದ ವಾಕ್ಯ ಹಳೆಯ ಪತ್ರಿಕೆಯಿಂದ ಎತ್ತಿದ ಹಾಗಿದೆ, ತೆಗೆಯಿರಿ.

ಕಾನೂನಿನ ತಪ್ಪು ಇನ್ನೂ ಗಂಭೀರ. ಗೋವಂಡಿಯ ಸಣ್ಣ ಸಂಸ್ಥೆಗಳೆಲ್ಲ ಸೇರಿ ಒಂದು ದೊಡ್ಡ ಸಂಸ್ಥೆಯ ಮೂಲಕ ವಿದೇಶಿ ಹಣ ತರಿಸಿಕೊಂಡು ಹಂಚಿಕೊಳ್ಳಬೇಕು, ಆಗ ವರದಿಯೂ ಒಂದೇ ಸಾಕು ಎಂದು ಸಲಹೆ ಕೊಟ್ಟಿದ್ದೀರಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಲೆಕ್ಕ ಬರೆಯುವ ನಿಮಗೆ ಗೊತ್ತಿರಲೇಬೇಕು: ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿ ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿದಿದೆ. ಸಭೆ ಕರೆಯುವುದು, ಅಂಕಿ ಹೊಂದಿಸುವುದು, ಮೂರು ನಮೂನೆಗಳನ್ನು ಒಂದು ಮಾಡುವುದಕ್ಕೂ ಸಂಬಳ ಕೊಡಬೇಕಲ್ಲ, ಅದನ್ನು ಯಾವ ಬಾಬತ್ತಿಗೆ ಬರೆಯುತ್ತೀರಿ? ಸಮನ್ವಯ ಬೇಕೆನ್ನುವವರು ಅದರ ಖರ್ಚು ಕೊಡುವುದಿಲ್ಲ ಎಂಬ ಮಾತನ್ನು ಅಂಕಿಯಿಟ್ಟು ಬರೆಯಬಲ್ಲವರು ನಮ್ಮ ಓದುಗರಲ್ಲಿ ನೀವೊಬ್ಬರೇ ಇರಬೇಕು.

ಉದಾಹರಣೆಗೆ ಆಫ್ರಿಕಕ್ಕೆ ಹೋಗಿದ್ದೀರಿ, ಹೋಗಿ ಬನ್ನಿ. ಆದರೆ ನಿಮ್ಮ ಕಚೇರಿಯಿಂದ ರಿಕ್ಷಾ ಹಿಡಿದರೆ ಮಾನ್‌ಖುರ್ದಿನ ಲಲ್ಲೂಭಾಯಿ ಕಾಂಪೌಂಡು ಸಿಗುತ್ತದೆ. ವಿಶ್ವ ಬ್ಯಾಂಕಿನ ಸಾಲದ ಮುಂಬಯಿ ನಗರ ಸಾರಿಗೆ ಯೋಜನೆಗಾಗಿ ಮನೆ ಕಳೆದುಕೊಂಡವರನ್ನು ತಂದು ಇಟ್ಟ ಜಾಗಗಳಲ್ಲಿ ಅದೂ ಒಂದು. ಪುನರ್ವಸತಿಯ ದೂರುಗಳು ಬ್ಯಾಂಕಿನ ತಪಾಸಣಾ ಮಂಡಳಿಯ ತನಕ ಹೋಗಿ, 2006ರಲ್ಲಿ ಸಾಲದ ಒಂದು ಭಾಗವನ್ನೇ ಕೆಲಕಾಲ ತಡೆದಿದ್ದರು. ಅದೇ ಸಾರಿಗೆ ಯೋಜನೆಯ ಮೂರನೆಯ ಹಂತಕ್ಕೆ ಸಾಲ ಕೊಟ್ಟದ್ದು ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕು. ಮೆಟ್ರೋ 3ಕ್ಕೂ ಶಿವಡಿಯಿಂದ ಹೊರಡುವ ಅಟಲ್ ಸೇತುವಿಗೂ ಸಾಲ ಕೊಟ್ಟದ್ದು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ. 2 ಮತ್ತು 7ನೆಯ ಮೆಟ್ರೋಗಳಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕು, ಜೊತೆಗೆ ಬ್ರಿಕ್ಸ್ ದೇಶಗಳ ಬ್ಯಾಂಕು. ಮನೆ ಕಳೆದುಕೊಂಡವರಿಗೆ ಏನು ಕೊಡಬೇಕು ಎಂಬುದಕ್ಕೆ ಇವರಲ್ಲಿ ಪ್ರತಿಯೊಬ್ಬರದೂ ಬೇರೆ ಬೇರೆ ಕಟ್ಟಳೆ. ಹಾಗಾದರೆ ಈ ಊರಿನಲ್ಲಿ ಇವರನ್ನೆಲ್ಲ ಹೊಂದಿಸುವವರು ಯಾರು? ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಯೇ, ರೈಲ್ವೆಯೇ, ದೆಹಲಿಯ ಹಣಕಾಸು ಮಂತ್ರಾಲಯವೇ? ಒಬ್ಬರನ್ನಾದರೂ ಭೇಟಿಯಾಗಿ ಕೇಳಿ.

ಮುಂದಿನ ಕರಡು ಏಳನೆಯ ಪುಟದಿಂದಲೇ ಶುರುವಾಗಲಿ. ಘೋಷಣೆಗಳಿಗೆ ಒಂದು ಪ್ಯಾರಾ ಸಾಕು. 1966 ಇರಲಿ, ತಾಂಜಾನಿಯಾ ಇರಲಿ, ವಿಯೆಟ್ನಾಂ ಎರಡು ಸಾಲು. ನಿಮ್ಮ ಸಂಸ್ಥೆಯ ಹೆಸರು, ದಾನಿಗಳ ಹೆಸರು, ಮಗುವಿನ ಗುರುತು ಬೇಡ. ನಿಮ್ಮ ಕೆಲಸಕ್ಕೂ ಕುತ್ತು ಬರಬಾರದು. ಬೇಕಿದ್ದರೆ ನಿಮ್ಮ ಹೆಸರನ್ನೂ ಕೈಬಿಟ್ಟು ಹಾಕೋಣ. ಆರು ಪುಟ ಮೀರಬೇಡಿ. ಶನಿವಾರ ಸಂಜೆ ನಾನು ಮಾಟುಂಗದ ಕಚೇರಿಯಲ್ಲಿ ಇರುತ್ತೇನೆ, ನಿಮ್ಮ ಆ ಮೂರು ನಮೂನೆಗಳ ಖಾಲಿ ಪ್ರತಿಗಳನ್ನು ಹಿಡಿದುಕೊಂಡು ಬನ್ನಿ. ಒಂದರ ಪಕ್ಕ ಒಂದಿಟ್ಟು ಮುದ್ರಿಸಬಹುದೇ ನೋಡೋಣ.

ಇತಿ,
ಸಂಪಾದಕ