ಹುಬ್ಬಳ್ಳಿಯವ್ರಿಗೂ ಧಾರವಾಡದವ್ರಿಗೂ ಖರೇನ ಆಗಿಬರೂದಿಲ್ಲೇನು?

ನಿಮ್ಮ ಪ್ರಶ್ನೆ ಏನಪಾ ಅಂದ್ರ, ಬೆಂಗಳೂರಿಂದ ಟ್ರಾನ್ಸ್‌ಫರ್ ಆಗಿ ಈ ಕಡೆ ಬರಾಕತ್ತೀರಿ, ಆಫೀಸಿನಾಗ ಹುಬ್ಬಳ್ಳಿಯವ್ರು ಧಾರವಾಡದವ್ರನ್ನ, ಧಾರವಾಡದವ್ರು ಹುಬ್ಬಳ್ಳಿಯವ್ರನ್ನ ಆಡಿಕೊಳ್ಳೂದು ಕೇಳಿ ಗಾಬರಿ ಆಗೇರಿ, ಇದು ಚ್ಯಾಷ್ಟಿನೋ ಜಗಳಾನೋ, ಮನಿ ಎಲ್ಲಿ ಮಾಡೂದು ಅಂತ. ಇದಕ್ಕ ಉತ್ತರ ಹೇಳಾಕ ನನಗಿಂತ ನಡುವ ಸಿಕ್ಕಿಬಿದ್ದ ಮನಶ್ಯಾ ನಿಮಗ ಸಿಗೂದಿಲ್ರಿ. ನಾ ಹುಟ್ಟಿ ಬೆಳದದ್ದು ಧಾರವಾಡ ಮಾಳಮಡ್ಡಿ, ಹೆಂಡ್ತಿ ಹುಬ್ಬಳ್ಳಿ ದುರ್ಗದಬೈಲ್ ಕಡೆಯಾಕಿ, ನೌಕರಿ ಹುಬ್ಬಳ್ಳ್ಯಾಗ, ಮನಿ ಧಾರವಾಡದಾಗ, 11 ವರ್ಷ ಆತು ದಿನಾ ಈ 20 ಕಿಲೋಮೀಟರ್ ಹೋಗಿ ಬಂದು ಮಾಡಾಕತ್ತೇನಿ.

ನಮ್ಮ ನಿಶ್ಚಯದ ದಿನಾನ ಶುರು ಆತು ನೋಡ್ರಿ. ನಮ್ಮಪ್ಪ ಲೈನ್ ಬಜಾರಕ್ಕ ಮುಂಜಾನೆ ಹೋಗಿ ಪಾಳಿ ಹಚ್ಚಿ 5 ಕಿಲೋ ಪೇಢೆ ತಂದು ಬೀಗರ ಮನಿಗೆ ಒಯ್ದಿದ್ರು. ಮಾವಾರಿಗೆ ಅರಿವಿ ಅಂಗಡಿ, ಮಾತಿನಾಗ ಯಾರಿಗೂ ಸೋಲೂ ಪೈಕಿ ಅಲ್ಲ. ಡಬ್ಬಿ ತಗದು ಒಂದು ಪೇಢೆ ಬಾಯಾಗ ಇಟಗೊಂಡು, 'ಛಲೋ ಆತ್ರಿ ತಂದದ್ದು, ನಿಮ್ಮೂರಾಗ ಇರೂದ ಇದೊಂದು' ಅಂದ್ರು. ನಮ್ಮಪ್ಪ ರಿಟೈರ್ಡ್ ಮಾಸ್ತರು, ಅವ್ರೇನು ಬಿಡ್ತಾರ, 'ಇನ್ನೊಂದು ತಗೋರಿ ಬೀಗರ, ಬಾಯಾಗಿನ ಹುಬ್ಬಳ್ಳಿ ಧೂಳ ಹೋಗತೈತಿ' ಅಂದ್ರು. ಎಲ್ಲಾರೂ ನಕ್ಕರು, ನಿಶ್ಚಯ ಆತು, ಆದ್ರ ಆ ಮಾತು ಇನ್ನೂ ಮುಗದಿಲ್ಲ. ಇವತ್ತಿಗೂ ನಾ ಅತ್ತಿ ಮನಿಗೆ ಹೋದ್ರ ಮಾವಾರು ಗಡಿಯಾರ ನೋಡಿ 'ಏನ್ ಅಳಿಯಾರ, 2 ಹೊಡದೈತಿ, ಧಾರವಾಡದವ್ರು ಮಲಗೂ ಹೊತ್ತು, ನೀವು ಎದ್ದೀರಲ್ಲ' ಅಂತಾರ. ಅವ್ರದೇನು ತಪ್ಪಿಲ್ಲ ಬಿಡ್ರಿ, ಮಧ್ಯಾಹ್ನ ನಮ್ಮ ಸುಭಾಷ್ ರೋಡಿನಾಗ ಎಷ್ಟೋ ಅಂಗಡಿ ಬಾಗ್ಲಾ ಅರ್ಧಾ ಎಳದಿರತಾವ, ಗಿರಾಕಿ ಬಂದ್ರ ಮಾಲಕರಿಗೆ ಸಿಟ್ಟು ಬರತೈತಿ.

ಪೇಢೆ ವಿಷಯ ಬಂತಂದ್ರ ಒಂದು ಹೇಳ್ಬೇಕು. ಬೆಂಗಳೂರಾಗ ಧಾರವಾಡ ಪೇಢೆ ಅಂತ ಮಾರೂದನ್ನ ನೋಡಿ ಅಳತಿ ಹಾಕಬ್ಯಾಡ್ರಿ. ಎಮ್ಮಿ ಹಾಲು ಕಾಸಿ ಖವಾ ಮಾಡಿ, ಅದನ್ನ ಮತ್ತ ಸಕ್ರಿ ಜೋಡಿ ಕೆಂಪಗ ಆಗೂತನಾ ಹುರದು, ಉಂಡಿ ಕಟ್ಟಿ ಸಕ್ರಿ ಪುಡಿಯಾಗ ಹೊಳ್ಳಾಡಸ್ತಾರ, ಮುರದ್ರ ಒಳಗ ರವಾ ರವಾ ಇರಬೇಕು, ಅಂಟ ಅಂಟ ಅಲ್ಲ. ಇದನ್ನ ಶುರು ಮಾಡಿದ ಠಾಕೂರ ಮನಿತನದವ್ರು ಪ್ಲೇಗಿನ ಕಾಲದಾಗ ಉತ್ತರ ಪ್ರದೇಶದ ಉನ್ನಾವ್ ಕಡಿಂದ ಬಂದವ್ರು. ಅಂದ್ರ ನಾವು ಇಷ್ಟ ಎದಿ ತಟ್ಟಿ ನಮ್ಮದು ನಮ್ಮದು ಅನ್ನೂ ಪೇಢೆ ಮೊದಲಿಗೆ ಹೊರಗಿನವ್ರ ಕೈಂದ ಬಂದದ್ದು. ಈ ಮಾತು ಮಾವಾರ ಮುಂದ ಬಾಯಿ ತಪ್ಪಿ ಹೇಳಿಬಿಟ್ಟೆ, ಅವತ್ತಿಂದ ನಮ್ಮವ್ವ ನನ್ನ ಪೂರ್ತಿ ನಂಬೂದಿಲ್ಲ.

ಈಗ ಖರೇ ಕಾರಣಕ್ಕ ಬರೂಣು. ಎರಡೂ ಊರು ಬಾಜೂಕ ಅದಾವ, ಆದ್ರ ಬ್ಯಾರೆ ಬ್ಯಾರೆ ಕೆಲಸಕ್ಕ ಬೆಳದಾವ. ಹುಬ್ಬಳ್ಳಿ ಅಂದ್ರ ವ್ಯಾಪಾರ, ಹತ್ತಿ, ಮೆಣಸಿನಕಾಯಿ, ಲಾರಿ, ರೈಲು. ಧಾರವಾಡ ಅಂದ್ರ ಕಚೇರಿ, ಕಾಲೇಜು, ಕೋರ್ಟು, ಸಾಹಿತ್ಯ, ಸಂಗೀತ. ಮಜಾ ಅಂದ್ರ, ಬ್ರಿಟಿಷರ ಕಾಲದಾಗ ಸದರ್ನ್ ಮರಾಠಾ ರೈಲ್ವೆಯ ಹೆಡ್ ಆಫೀಸ್ ಇದ್ದದ್ದು ಧಾರವಾಡದಾಗ, ವರ್ಕ್‌ಶಾಪ್ ಮಾತ್ರ ಹುಬ್ಬಳ್ಳ್ಯಾಗ. ಸಾಹೇಬ್ರು ಇಲ್ಲೆ, ಸುತ್ತಿಗಿ ಅಲ್ಲೆ. 1908ರಾಗ ಆ ಕಂಪನಿ ಮದ್ರಾಸ್ ರೈಲ್ವೆ ಜೋಡಿ ಕೂಡಿತು, ಸಾಹೇಬ್ರು ಹೋದ್ರು, ಆ ಹೆಡ್ ಆಫೀಸಿನ ಬಿಲ್ಡಿಂಗ್ ಮುಂದ ಕರ್ನಾಟಕ ಕಾಲೇಜ್ ಆತು. ವರ್ಕ್‌ಶಾಪ್ ಹುಬ್ಬಳ್ಳ್ಯಾಗ ಉಳೀತು, ಬೆಳೀತು, 2003ರಾಗ ನೈಋತ್ಯ ರೈಲ್ವೆ ವಲಯದ ಕೇಂದ್ರಾನೂ ಅಲ್ಲೆ ಆತು. ಎರಡೂ ಊರಿನ ಸ್ವಭಾವ ಆ ಒಂದು ಬಿಲ್ಡಿಂಗಿನಾಗ ಐತಿ ಅಂತ ನನಗ ಅನಸ್ತೈತಿ, ಧಾರವಾಡದವ್ರ ಕೈಗೆ ರೈಲು ಕೊಟ್ರ ಅದ್ರಾಗೂ ಒಂದು ಕಾಲೇಜ್ ತಗೀತೇವಿ.

ಮಾವಾರಿಗೆ ಈ ಕಥಿ ಭಾಳ ಸೇರತೈತಿ. ಅದಕ್ಕ ನಾ ಏನ್ ಮಾಡ್ತೇನಂದ್ರ, 1949ರಾಗ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಎಲ್ಲೈತ್ರಿ, ಹೈಕೋರ್ಟ್ ಪೀಠ ಎಲ್ಲೈತ್ರಿ, ಆಕಾಶವಾಣಿ ಎಲ್ಲೈತ್ರಿ, ಐಐಟಿ ಎಲ್ಲೈತ್ರಿ ಅಂತ ಒಂದೊಂದ ಬೆರಳ ಮಡಚಿ ಕೇಳ್ತೇನಿ. ಅವ್ರು ತಲಿ ಅಲ್ಲಾಡ್ಸಿ, ವಿಮಾನ ಎಲ್ಲಿ ಇಳೀತೈತ್ರಿ ಅಂತ ಒಂದ ಪ್ರಶ್ನೆ ಕೇಳಿ ಮುಗಸ್ತಾರ. 2023ರ ಮಾರ್ಚ್ 12ಕ್ಕ ಪ್ರಧಾನಿ ಬಂದಾಗಂತೂ ನಮ್ಮ ಮನಿಯಾಗ ಟಿವಿ ಮುಂದ ದೊಡ್ಡ ಮ್ಯಾಚ್ ನಡದಂಗ ಇತ್ತು. ಅವತ್ತ ಐಐಟಿ ಧಾರವಾಡದ ಕ್ಯಾಂಪಸ್ಸೂ ಉದ್ಘಾಟನೆ, ಅವತ್ತ ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ದೇಶಕ್ಕ ಅರ್ಪಣೆ. ಜಗತ್ತಿನಾಗ ಅಷ್ಟ ಉದ್ದಂದು ಇನ್ನೊಂದಿಲ್ಲ ಅಂತ ಮಾವಾರು ಫೋನ್ ಮಾಡಿ ಹೇಳಿದ್ರ, ನಮ್ಮಪ್ಪ 'ಹಂಗಾರ ಇನ್ನೊಂಚೂರು ಉದ್ದ ಮಾಡ್ರಿ, ನಾವು ನಡಕೋತನ ಧಾರವಾಡ ಮುಟ್ಟತೇವಿ' ಅಂದ್ರು.

ಆದ್ರ ಸಂಗೀತದ ಮಾತು ಬಂದ್ರ ಇಬ್ರೂ ಸುಮ್ಮನಾಗ್ತಾರ, ಯಾಕಂದ್ರ ಅಲ್ಲಿ ಗೆರಿ ಹೊಡಿಯಾಕ ಬರೂದಿಲ್ಲ. ಗಂಗೂಬಾಯಿ ಹಾನಗಲ್ ಅವ್ರು 1913ರಾಗ ಹುಟ್ಟಿದ್ದು ಧಾರವಾಡದ ಶುಕ್ರವಾರಪ್ಯಾಟಿ, ಬಾಳಿದ್ದು ಹುಬ್ಬಳ್ಳಿ. ಹುಟ್ಟಿದ ಮನಿನೂ ಸ್ಮಾರಕ, ಬಾಳಿದ ಮನಿನೂ ಸ್ಮಾರಕ. ಏಕೀಕರಣದ ಕಥಿನೂ ಹಂಗ ಐತಿ. 1890ರಾಗ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಧಾರವಾಡದಾಗ, ಆಲೂರು ವೆಂಕಟರಾಯರು ಬರದು ಬರದು ಭಾಷಣ ಮಾಡಿ ಮಾಡಿ ಮಂದಿನ್ನ ಎಬ್ಬಿಸಿದ್ದು ಧಾರವಾಡದಿಂದ, ಆದ್ರ 1953ರಾಗ ಅದರಗುಂಚಿ ಶಂಕರಗೌಡ್ರು ಉಪವಾಸ ಕುಂತಾಗ ಬೀದಿಗಿಳದು ದಿಲ್ಲಿಗೆ ಬಿಸಿ ಮುಟ್ಟಿಸಿದ್ದು ಹುಬ್ಬಳ್ಳಿ ಮಂದಿ. ಗಂಡುಮೆಟ್ಟಿನ ನಾಡು ಅಂತ ಅವ್ರು ಹೇಳಕೊಳ್ಳೂದು ಸುಮ್ನ ಅಲ್ಲ ಅಂತ ಇಲ್ಲಿ ನಾ ಒಪ್ಪತೇನಿ, ಮಾವಾರ ಮುಂದ ಒಪ್ಪೂದಿಲ್ಲ.

ಚ್ಯಾಷ್ಟಿ ಹೋಗಿ ಸಿಟ್ಟು ಬರೂ ಜಾಗ ಒಂದ ಐತಿ, ಅದು ಮಹಾನಗರ ಪಾಲಿಕೆ. 1962ರಾಗ ಎರಡೂ ಊರು ಕೂಡಿಸಿ ಒಂದ ಪಾಲಿಕೆ ಮಾಡಿದ್ರು. ಕೇಂದ್ರ ಕಚೇರಿ ಹುಬ್ಬಳ್ಳ್ಯಾಗ, ವಾರ್ಡ್ ಹೆಚ್ಚು ಹುಬ್ಬಳ್ಳಿ ಕಡೆ, ಹಂಗಾಗಿ ರೊಕ್ಕಾನೂ ಅಲ್ಲೆ ಹೋಗತೈತಿ, ನಾವು ಮಲಮಕ್ಕಳು ಅನ್ನೂದು ಧಾರವಾಡದವ್ರ ತಕರಾರು. ಹುಬ್ಬಳ್ಳಿಯವ್ರ ಲೆಕ್ಕಾ ಬ್ಯಾರೆ, ತೆರಿಗಿ ಹೆಚ್ಚು ಕಟ್ಟಾವ್ರು ನಾವು, ಖರ್ಚೂ ಇಲ್ಲೆ ಆಗ್ಬೇಕು ಅಂತಾರ. ಇದರ ಸಲುವಾಗಿ ಧಾರವಾಡದಾಗ ವರ್ಷಗಟ್ಟಲೆ ಹೋರಾಟ ನಡದು 2025ರ ಜನವರಿಯಾಗ ರಾಜ್ಯ ಸಚಿವ ಸಂಪುಟ ಧಾರವಾಡಕ್ಕ ಬ್ಯಾರೆ ಪಾಲಿಕೆ ಮಾಡಾಕ ಒಪ್ಪಿಗಿ ಕೊಡ್ತು. ನಮ್ಮಪ್ಪ ಅವತ್ತ ಓಣಿಗೆಲ್ಲಾ ಪೇಢೆ ಹಂಚಿದ್ರು. ಮಾವಾರಿಗೂ ಒಂದು ಡಬ್ಬಿ ಕಳ್ಸಿದ್ರು, ಅವ್ರು ತಿಂದ್ರು, ಖುಷಿನೂ ಆದ್ರು ಅನಸ್ತೈತಿ, 'ಪಾಲು ಆತು, ಇನ್ನ ನಮ್ಮ ಮನಿ ನಾವು ನೋಡಕೋತೇವಿ' ಅಂದ್ರು. ಅಣ್ಣತಮ್ಮಂದಿರು ಪಾಲು ತಗೊಂಡು ನಡುವ ಗ್ವಾಡಿ ಕಟ್ಟಿಸಿ ಅದ ಗ್ವಾಡಿ ಮ್ಯಾಲಿಂದ ಸಾರು ಇಸಗೊಂಡಂಗ ಇದು. ನನಗ ಕೇಳಿದ್ರ ಬ್ಯಾರೆ ಆಗೂದು ಛಲೋನ, ಆದ್ರ ನಮ್ಮ ಎಸ್‌ಟಿಡಿ ಕೋಡ್ ಇನ್ನೂ ಒಂದ, 0836.

ಎರಡೂ ಊರಿಗೆ ಗೆರಿ ಎಲ್ಲೈತಿ ಅಂತ ನೋಡೂ ಆಸೆ ಇದ್ರ ಜುಲೈ ತಿಂಗಳದಾಗ ಒಂದು ಸಂಜಿ ಚಿಗರಿ ಬಸ್ಸಿನ ಕಿಡಕಿ ಬಾಜೂಕ ಕುಂದ್ರಿ. 2018ರಿಂದ ಎರಡೂ ಊರಿನ ನಡುವ ಓಡಾಕತ್ತಾವ, ರೋಡಿನ ನಡುವ ಅವಕ್ಕ ಬ್ಯಾರೆ ಹಾದಿ. ಹುಬ್ಬಳ್ಳಿ ಸ್ಟೇಶನ್ ಹತ್ರ ಹತ್ತಿದಾಗ ಬಿಸಲು, ಬೆನ್ನಿಗೆ ಅಂಗಿ ಅಂಟಿರತೈತಿ, ಮಂದಿ ಫೋನಿನಾಗ ಮಾಲು, ಬಿಲ್ಲು, ಚೆಕ್ಕು ಅಂತ ಒದರಾಕತ್ತಿರತಾರ. ಉಣಕಲ್ ಕೆರಿ ದಾಟಿದ ಮ್ಯಾಲ ಗಾಳಿ ಬದಲಾಗತೈತಿ. ನವನಗರ ಬಂತಂದ್ರ ಅದು ಯಾರ ಕಡೆನೂ ಅಲ್ಲ, ಅಲ್ಲಿಯವ್ರು ಮದುವಿ ಸಂಬಂಧ ಹುಡುಕೂ ಮುಂದ ಧಾರವಾಡದವ್ರು, ಸಾಲ ಕೇಳೂ ಮುಂದ ಹುಬ್ಬಳ್ಳಿಯವ್ರು. ರಾಯಾಪುರ, ಸತ್ತೂರು, ಅಲ್ಲೆ ಗಾಜಿನ ಮ್ಯಾಲ ಮೊದಲ ಹನಿ. ನವಲೂರು ಏರಿನಾಗ ಜಿಟಿಜಿಟಿ ಹತ್ತಿರತೈತಿ, ಕಂಡಕ್ಟರ್ ಇಲ್ಲದ ಬಸ್ಸಿನಾಗ ಯಾರೋ ಒಬ್ಬಾಕಿ ಮುದುಕಿ 'ಕೊಡಿ ತಂದೀಯೇನೋ' ಅಂತ ಮೊಮ್ಮಗನ್ನ ಕೇಳ್ತಾಳ. ಟೋಲ್ ನಾಕಾದಾಗ ಇಳಿಯೂ ಹೊತ್ತಿಗೆ ಎಲ್ಲಾರ ಕೊಡಿ ಬಿಚ್ಚಿರತಾವ, ಹುಬ್ಬಳ್ಳಿಯಿಂದ ಬಂದ ಹೊಸಬ ಒಬ್ಬ ಮಾತ್ರ ತಲಿ ಮ್ಯಾಲ ಬ್ಯಾಗ್ ಹಿಡಕೊಂಡು ಓಡ್ತಾನ. ಒಂದ ಸಂಜಿಯಾಗ, ಒಂದ ಟಿಕೆಟಿನಾಗ ಎರಡು ಹವಾ. ಧಾರವಾಡ ಮಲೆನಾಡಿನ ಸೆರಗು, ಹುಬ್ಬಳ್ಳಿ ಬಯಲುಸೀಮಿಯ ಬಾಗ್ಲಾ, ಅಷ್ಟ.

ಇನ್ನ ನೀವು ಮನಿ ಎಲ್ಲಿ ಮಾಡೂದು. ರಾತ್ರಿ 11ಕ್ಕ ಹಸಿವಾಗೂ ಪೈಕಿ ಆಗಿದ್ರ, ಊರಿಗೆ ಹೋಗಾಕ ಪದೇ ಪದೇ ರೈಲು, ವಿಮಾನ ಬೇಕಂದ್ರ ಹುಬ್ಬಳ್ಳಿ, ದುರ್ಗದಬೈಲಿನ ಗಿರಮಿಟ್ ಮಿರ್ಚಿ ನಿಮ್ಮನ್ನ ಸಾಕತೈತಿ. ಮಕ್ಕಳ ಸಾಲಿ, ಸಂಜಿ ವಾಕಿಂಗು, ಯಾವುದರೆ ಕಾರ್ಯಕ್ರಮಕ್ಕ ಹೋಗಿ ಹಿಂದಿನ ಖುರ್ಚಿಯಾಗ ಕುಂದ್ರೂ ಚಟ ಇದ್ರ ಧಾರವಾಡ, ಸಾಧನಕೇರಿ, ಕೆಲಗೇರಿ ಕೆರಿ ಕಡೆ ನೋಡ್ರಿ. ಸಪ್ತಾಪುರದ ಕಡೆ ಬಾಡಿಗಿ ಜಾಸ್ತಿ, ಅಲ್ಲಿ ಪಿಎಸ್‌ಐ, ಕೆಎಎಸ್ ಓದೂ ಹುಡುಗ್ರು ತುಂಬ್ಯಾರ. ಯಾವ ಊರ ಆರಿಸಿದ್ರೂ ಇನ್ನೊಂದು ಊರಿನವ್ರು 'ಅಯ್ಯ ಅಲ್ಲ್ಯಾಕ ಮಾಡಿದ್ರಿ' ಅಂತಾರ, ಅದಕ್ಕ ತಲಿ ಕೆಡಿಸ್ಕೊಬ್ಯಾಡ್ರಿ. ಮನಿ ನೋಡಾಕ ಹೋದಾಗ ಮಾಲಕರು ಟೈಲ್ಸ್ ತೋರಸ್ತಾರ, ಮಾಡ್ಯುಲರ್ ಕಿಚನ್ ತೋರಸ್ತಾರ, ನೀವು ನಳಾ ಎಷ್ಟ ದಿನಕ್ಕೊಮ್ಮೆ ಬರತೈತಿ, ಸಂಪು ಎಷ್ಟ ಲೀಟರಿಂದು ಅಂತ ಕೇಳ್ರಿ. ಆ ಪ್ರಶ್ನೆಗೆ ಮಾತ್ರ ಎರಡೂ ಊರಿನ ಮಾಲಕರು ಒಂದ ನಮೂನಿ ಮಾರಿ ಮಾಡ್ತಾರ.