ಅನ್‌ಇನ್‌ಸ್ಟಾಲ್ ಮಾಡಿದರೂ ಸಿ ಡ್ರೈವ್ ತುಂಬಿಯೇ ಇದೆ, ಏನು ಮಾಡಲಿ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಇದೆ, 120 ಜಿಬಿ ಎಸ್‌ಎಸ್‌ಡಿ. ಹಳೇ ಲೆಕ್ಕದ ಸಾಫ್ಟ್‌ವೇರ್, ಒಂದು ಆ್ಯಂಟಿವೈರಸ್, ಮಗ ಹಾಕಿದ್ದ ಎರಡು ಗೇಮ್ ಎಲ್ಲ ಅನ್‌ಇನ್‌ಸ್ಟಾಲ್ ಮಾಡಿದೆ. ಆದರೂ ಸಿ ಡ್ರೈವ್ ಕೆಂಪಾಗೇ ಇದೆ. ಅವುಗಳ ಹೆಸರಿನ ಫೋಲ್ಡರ್‌ಗಳು ಅಲ್ಲಲ್ಲಿ ಉಳಿದಿವೆ. ರಿಜಿಸ್ಟ್ರಿ ಕ್ಲೀನರ್ ಹಾಕಿ ಅಂತ ಪರಿಚಯದವರು ಹೇಳಿದರು. ಹಾಕಲೇ?

ಉತ್ತರ: ಬೇಡ. ರಿಜಿಸ್ಟ್ರಿ ಅಂದರೆ ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ ಬರೆದಿಡುವ ದಾಖಲೆ. ಅದರಲ್ಲಿ ಉಳಿಯುವ ಸಾಲುಗಳು ಕೆಲವು ಕೆಬಿಯಷ್ಟೇ. ಅವನ್ನು ತೆಗೆದರೆ ಜಾಗವೂ ಸಿಗುವುದಿಲ್ಲ, ವೇಗವೂ ಹೆಚ್ಚುವುದಿಲ್ಲ. ಬೇಕಾದ ಸಾಲು ಹೋದರೆ ಮಾತ್ರ ಬೇರೆ ಪ್ರೋಗ್ರಾಂ ನಿಂತುಹೋಗಬಹುದು. ಇಂಥ ಕ್ಲೀನರ್‌ಗಳನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ.

ಫೋಲ್ಡರ್‌ಗಳು ಯಾಕೆ ಉಳಿಯುತ್ತವೆ? ಅನ್‌ಇನ್‌ಸ್ಟಾಲರ್ ಸಾಮಾನ್ಯವಾಗಿ ತಾನು ಮೊದಲ ದಿನ ತಂದಿಟ್ಟ ಫೈಲ್‌ಗಳನ್ನಷ್ಟೇ ತೆಗೆಯುತ್ತದೆ. ಆಮೇಲೆ ನೀವು ಬಳಸುತ್ತಾ ಹುಟ್ಟಿದ ಸೆಟ್ಟಿಂಗ್, ಗೇಮ್ ಸೇವ್, ಲೆಕ್ಕದ ಡೇಟಾ ಅದರ ಪಟ್ಟಿಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಬೇಕೆಂದೇ ಬಿಟ್ಟಿರುತ್ತಾರೆ, ನಾಳೆ ಮತ್ತೆ ಹಾಕಿಕೊಂಡರೆ ಇರಲಿ ಅಂತ. ಹಾಗಾಗಿ ಉಳಿದದ್ದೆಲ್ಲ ಕಸ ಅಂದುಕೊಳ್ಳಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಪರಿಚಯದವರ ಅಂಗಡಿಯಲ್ಲಿ ಹಳೇ ಸಾಫ್ಟ್‌ವೇರ್ ಹೆಸರಿನ ಫೋಲ್ಡರ್ ಕಂಡು ಪೂರ್ತಿ ಅಳಿಸಿಬಿಟ್ಟಿದ್ದರು. ಎರಡು ವರ್ಷದ ಲೆಕ್ಕ ಅದರೊಳಗೇ ಇತ್ತು. ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದರು. ನಾನು ಹೋಗಿ ನೋಡುವ ಹೊತ್ತಿಗೆ ಏನೂ ಸಿಗಲಿಲ್ಲ. ನಿಮ್ಮಲ್ಲೂ ರೈತರ ಪಟ್ಟಿ, ಖರೀದಿದಾರರ ಬಾಕಿ ಎಲ್ಲ ಹಾಗೆಯೇ ಕುಳಿತಿರಬಹುದು. ಮೊದಲು ಆ ಫೋಲ್ಡರನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಹೊಸ ಸಾಫ್ಟ್‌ವೇರ್‌ನಲ್ಲಿ ಹಳೇ ಲೆಕ್ಕ ತೆರೆಯುತ್ತದೆಯೇ ನೋಡಿ. ತೆರೆದ ಮೇಲಷ್ಟೇ ಅಳಿಸಿ.

ಹುಡುಕಬೇಕಾದ ಜಾಗಗಳು ಇವು: ಸಿ ಡ್ರೈವ್‌ನಲ್ಲಿ ಎರಡು ಪ್ರೋಗ್ರಾಂ ಫೈಲ್ಸ್ ಫೋಲ್ಡರ್, ಪ್ರೋಗ್ರಾಂ ಡೇಟಾ, ಮತ್ತೆ ನಿಮ್ಮ ಯೂಸರ್ ಹೆಸರಿನ ಒಳಗಿನ ಆ್ಯಪ್ ಡೇಟಾ. ಕೊನೆಯ ಎರಡೂ ಸಾಮಾನ್ಯವಾಗಿ ಕಾಣುವುದಿಲ್ಲ. ಮೇಲಿನ ವ್ಯೂ ಒತ್ತಿ, ಶೋ ಒಳಗೆ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಆ್ಯಪ್ ಡೇಟಾದಲ್ಲಿ ಲೋಕಲ್, ಲೋಕಲ್ ಲೋ, ರೋಮಿಂಗ್ ಅಂತ ಮೂರು ಇವೆ, ಗೇಮ್‌ನ ಉಳಿಕೆ ಜಾಸ್ತಿ ಸಿಗುವುದು ಇಲ್ಲೇ. ಮಗನನ್ನು ಕೇಳಿಯೇ ಅಳಿಸಿ, ಅವನು ಆಡಿ ದಾಟಿದ ಲೆವೆಲ್‌ಗಳು ಅದರಲ್ಲಿರುತ್ತವೆ. ಡಬ್ಬಿ, ಕಡ್ಡಿ ಮೆಣಸಿನಕಾಯಿ ತಳಿಗಳನ್ನು ನೋಡಿದ ಕೂಡಲೇ ಗುರುತಿಸುವವರು ನೀವು. ಇಲ್ಲೂ ಹಾಗೆಯೇ, ಹೆಸರು ಖಚಿತವಾಗಿ ಗುರುತು ಸಿಕ್ಕಿದ್ದನ್ನಷ್ಟೇ ಮುಟ್ಟಿ.

ವಿಂಡೋಸ್ ಫೋಲ್ಡರ್ ಒಳಗೆ ಮಾತ್ರ ಕೈ ಹಾಕಲೇಬೇಡಿ. ಅಲ್ಲಿನ ಇನ್‌ಸ್ಟಾಲರ್ ಫೋಲ್ಡರ್ ದೊಡ್ಡದಾಗಿ ಕಂಡು ಆಸೆ ಹುಟ್ಟಿಸುತ್ತದೆ. ಅದನ್ನು ಅಳಿಸಿದರೆ ಮುಂದೆ ಕೆಲವು ಪ್ರೋಗ್ರಾಂ ಅಪ್‌ಡೇಟ್ ಮಾಡಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ.

ಆ್ಯಂಟಿವೈರಸ್ ಕಥೆ ಬೇರೆ. ಅದು ಡ್ರೈವರ್‌ಗಳನ್ನೂ, ಅಂದರೆ ವಿಂಡೋಸ್‌ನ ಒಳಗೆ ಸೇರಿಕೊಂಡು ಕೆಲಸ ಮಾಡುವ ಸಣ್ಣ ಪ್ರೋಗ್ರಾಂಗಳನ್ನೂ, ಬಿಟ್ಟು ಹೋಗಬಹುದು. ಹಳೆಯದು ಅರ್ಧ ಉಳಿದರೆ, ಇನ್ನೊಂದು ಆ್ಯಂಟಿವೈರಸ್ ಇದೆ ಅಂದುಕೊಂಡು ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಚಾಲೂ ಆಗದೇ ಇರಬಹುದು. ಹೆಚ್ಚಿನ ಕಂಪನಿಗಳು ಇದಕ್ಕೆಂದೇ ರಿಮೂವಲ್ ಟೂಲ್ ಕೊಡುತ್ತವೆ. ಆ ಕಂಪನಿಯ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಆಮೇಲೆ ವಿಂಡೋಸ್ ಸೆಕ್ಯೂರಿಟಿ ತೆರೆದು ಡಿಫೆಂಡರ್ ಆನ್ ಆಗಿದೆಯೇ ನೋಡಿ.

ಇಷ್ಟು ಮಾಡಿದರೂ ಕೆಂಪು ಹೋಗದಿದ್ದರೆ ಜಾಗ ತಿಂದದ್ದು ಬೇರೆ ಯಾವುದೋ ಇರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋಗಿ. ಯಾವುದು ಎಷ್ಟು ಹಿಡಿದಿದೆ ಅಂತ ಅಲ್ಲೇ ತೋರಿಸುತ್ತದೆ. ಟೆಂಪರರಿ ಫೈಲ್ಸ್ ಒತ್ತಿ ಅಳಿಸುವಾಗ ಡೌನ್‌ಲೋಡ್ಸ್‌ಗೆ ಟಿಕ್ ಬಿದ್ದಿಲ್ಲ ಅಂತ ನೋಡಿಕೊಳ್ಳಿ, ಬಿಲ್‌ಗಳ ಪಿಡಿಎಫ್ ಅಲ್ಲೇ ಇರುತ್ತವಲ್ವಾ. ಇನ್ನೊಂದು ಮಾತು, ನಿಮ್ಮ 120 ಜಿಬಿ ಡಿಸ್ಕನ್ನು ವಿಂಡೋಸ್ ಸುಮಾರು 111 ಜಿಬಿ ಅಂತ ತೋರಿಸುತ್ತದೆ. ಅದು ಎಣಿಸುವ ರೀತಿಯ ವ್ಯತ್ಯಾಸ. ಆ 9 ಜಿಬಿಯನ್ನು ಹುಡುಕುತ್ತಾ ಕೂರಬೇಡಿ.